ದೊರೆಗಳ ಬೇಸಿಗೆ, ನಮ್ಮ ದಸರಾ ರಜೆ

ಆಯುಧಪೂಜೆಯ ದಿನ ಕೆಂಪಾಪುರದ ನಮ್ಮ ಬೀದಿಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆಲ್ಲ ಬೂದುಗುಂಬಳ ಒಡೆಯುವ ಸದ್ದು ಶುರುವಾಗುತ್ತದೆ. ತೊಳೆದು ನಿಲ್ಲಿಸಿದ ಗಾಡಿಗಳಿಗೆ ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿ, ಚಕ್ರಗಳಡಿ ನಿಂಬೆಹಣ್ಣು ಇಟ್ಟಿರುತ್ತಾರೆ. ಮಂಗಳಾರತಿ ಆದ ಮೇಲೆ ಮನೆಯ ಯಜಮಾನರು ಕೀಲಿ ತಿರುಗಿಸಿ ಗಾಡಿಯನ್ನು ಒಂದು ಮಾರು ಮುಂದಕ್ಕೆ ತಂದರೆ ನಿಂಬೆಹಣ್ಣು ಅಪ್ಪಚ್ಚಿ. ಮಕ್ಕಳ ಕೈಗೆ ಕಡಲೆಪುರಿ, ಬೆಲ್ಲದ ಚೂರು. ಅಷ್ಟಾದ ಮೇಲೆ ಪ್ರತಿ ವರ್ಷವೂ ಯಾರಾದರೊಬ್ಬರು ಅದೇ ಮಾತು ಎತ್ತುತ್ತಾರೆ: ‘ಪೂಜೆ ಮಾಡಿದ ಗಾಡಿ ಸುಮ್ನೆ ನಿಲ್ಲಬಾರದು, ನಾಳೆ ಎಲ್ಲಿಗಾದ್ರೂ ಹೋಗಿಬರೋಣ.’ ‘ಎಲ್ಲಿಗೆ?’ ಎಂದು ಕೇಳುವುದು ಬರೀ ಶಾಸ್ತ್ರಕ್ಕೆ. ಹೆಬ್ಬಾಳದಿಂದ ಉತ್ತರಕ್ಕೆ ಹುಟ್ಟಿ ಬೆಳೆದವರಿಗೆ ಆ ಪ್ರಶ್ನೆಗೆ ಉತ್ತರ ಒಂದೇ. ನಂದಿ ಬೆಟ್ಟ.

ನಾನು ಚಿಕ್ಕವನಿದ್ದಾಗ ಕೆಂಪಾಪುರ ಇನ್ನೂ ಹಳ್ಳಿಯ ವಾಸನೆ ಬಿಟ್ಟಿರಲಿಲ್ಲ. ಒಂದು ಕಡೆ ಹೆಬ್ಬಾಳ ಕೆರೆ, ಇನ್ನೊಂದು ಕಡೆ ಕೃಷಿ ವಿಶ್ವವಿದ್ಯಾಲಯದ ಹೊಲ, ಮತ್ತೂ ಮುಂದೆ ಹೋದರೆ ಜಕ್ಕೂರಿನ ವಿಮಾನ ಮೈದಾನ. ನಮ್ಮದು ಒಂದಂತಸ್ತಿನ ಮನೆ. ಅದರ ತಾರಸಿಯೇ ಸುತ್ತಮುತ್ತಲ ಎತ್ತರದ ಜಾಗ. ದಸರೆಯ ಹೊತ್ತಿಗೆ ಒಂದು ಜೋರು ಮಳೆ ಬಂದು ಹೋದ ಮರುದಿನ, ಧೂಳಡಗಿದ ಬೆಳಗಿನಲ್ಲಿ, ಉತ್ತರಕ್ಕೆ ಮುಖ ಮಾಡಿ ನಿಂತರೆ ಬಯಲಿನಾಚೆ ನೀಲಿ ಗುಡ್ಡಗಳು ಕಾಣುತ್ತಿದ್ದವು. ಅದರಲ್ಲೊಂದು ಕಾಲು ಮಡಚಿ ಮಲಗಿದ ಬಸವನ ಹಾಗೆ. ಬೇಸಿಗೆಯಲ್ಲಿ ಎಷ್ಟು ಕಣ್ಣು ಕಿರಿದು ಮಾಡಿದರೂ ಅದು ಇಲ್ಲ. ಬಿಸಿಲಿನ ಮಬ್ಬಿನಲ್ಲಿ ಕರಗಿಹೋಗಿರುತ್ತಿತ್ತು. ಅಜ್ಜಿ ರಾಗಿ ಒಣಹಾಕಲು ತಾರಸಿ ಹತ್ತಿದವರು ಕೆಳಗೆ ಕೂಗಿ ಹೇಳುತ್ತಿದ್ದರು: ‘ಬೆಟ್ಟ ಕಾಣ್ತಾ ಐತೆ ಕಣ್ರೋ!’ ಮನೆಯ ಮಟ್ಟಿಗೆ ಅದು ಹೊರಡುವ ಅಪ್ಪಣೆ.

ಬಹಳ ವರ್ಷಗಳ ನಂತರ ನನಗೊಂದು ಅನುಮಾನ ಹತ್ತಿತು. ಬೆಟ್ಟದ ಮೇಲಿರುವ ಹಳೆಯ ಬಂಗಲೆ, ಅದರ ಸುತ್ತಲಿನ ತೋಟ, ಅದಕ್ಕೂ ಹಿಂದಿನ ಟಿಪ್ಪುವಿನ ವಿಶ್ರಾಂತಿ ಗೃಹ ಎಲ್ಲವೂ ಬೇಸಿಗೆಗೆಂದೇ ಕಟ್ಟಿದವು. ಅಲ್ಲಿ ತಂಗಿದ ದೊಡ್ಡವರು ಏಪ್ರಿಲ್, ಮೇ ತಿಂಗಳಲ್ಲಿ ಬಯಲಿನ ಸೆಕೆ ತಾಳಲಾರದೆ ಹತ್ತಿಹೋದವರು. ಹಾಗಿದ್ದ ಮೇಲೆ ಬುತ್ತಿ ಕಟ್ಟಿಕೊಂಡು, ಮಕ್ಕಳುಮರಿ ಸಮೇತ ಶರದೃತುವಿನಲ್ಲಿ ಅಲ್ಲಿಗೆ ಹೊರಡುವ ನಮ್ಮ ಪದ್ಧತಿ ಯಾವಾಗ, ಹೇಗೆ ಹುಟ್ಟಿತು?

ತೋಪಿನ ಅಕ್ಟೋಬರ್

ಬೆಟ್ಟಕ್ಕೆ ಭಕ್ತರು ಬರುತ್ತಿದ್ದುದು ಬಹಳ ಹಿಂದಿನಿಂದ. ತಪ್ಪಲಿನ ನಂದಿ ಗ್ರಾಮದಲ್ಲಿರುವ ಭೋಗನಂದೀಶ್ವರನ ಗುಡಿಯ ಕಥೆ ಒಂಬತ್ತನೆಯ ಶತಮಾನಕ್ಕೆ ಹೋಗುತ್ತದೆ. ಬಾಣರು, ಗಂಗರು, ನೊಳಂಬರು, ಚೋಳರು, ಹೊಯ್ಸಳರು, ವಿಜಯನಗರದವರು ಎಂದು ಒಬ್ಬರಾದ ಮೇಲೊಬ್ಬರು ಈ ನೆಲದಲ್ಲಿ ಹಾದುಹೋದವರೇ. ಕೆಳಗೆ ಭೋಗನಂದಿ, ಮೇಲೆ ಯೋಗನಂದಿ: ಸಂಸಾರ ಕೆಳಗೆ, ವೈರಾಗ್ಯ ಮೇಲೆ ಎಂಬ ಹಳೆಯ ಏರ್ಪಾಡು. ಆಷಾಢದ ಕೊನೆಯ ಸೋಮವಾರ ಇಡೀ ಬೆಟ್ಟವನ್ನು ಬರಿಗಾಲಲ್ಲಿ ಸುತ್ತುವ ನಂದಿಗಿರಿ ಪ್ರದಕ್ಷಿಣೆ ಇಂದಿಗೂ ನಡೆಯುತ್ತದೆ. ಆದರೆ ಯಾತ್ರೆ ಬೇರೆ, ಸುತ್ತಾಟ ಬೇರೆ. ಹರಕೆಯ ನೆಪವಿಲ್ಲದೆ, ಹುಲ್ಲಿನ ಮೇಲೆ ಕೂತು ಗಾಳಿ ಕುಡಿಯಲಿಕ್ಕೆಂದೇ ಬೆಟ್ಟ ಹತ್ತುವುದು ನಮ್ಮ ಹಿರೀಕರಿಗೆ ಹೊಳೆದ ವಿಚಾರವಲ್ಲ.

ಅಲ್ಲದೆ ಬೆಟ್ಟದ ತಲೆ ಕೋಟೆಯಾಗಿತ್ತು. ಸುತ್ತ ಮೂರು ಕಡೆ ಕಡಿದಾದ ಬಂಡೆ. ಹತ್ತಲು ಆಸ್ಪದವಿದ್ದ ಕಡೆ ಗಟ್ಟಿ ಗೋಡೆ. ಚಿಕ್ಕಬಳ್ಳಾಪುರದ ಪಾಳೆಯಗಾರರ ಕಾಲದಿಂದ ಇದ್ದದ್ದನ್ನು ಹೈದರಾಲಿ, ಟಿಪ್ಪು ಬಲಪಡಿಸಿದರು. ಮೂರನೆಯ ಮೈಸೂರು ಯುದ್ಧದಲ್ಲಿ ಬೆಂಗಳೂರನ್ನು ಹಿಡಿದ ಕಾರ್ನ್‌ವಾಲಿಸ್‌ಗೆ ನಂದಿದುರ್ಗ ಬೆನ್ನಿನ ಮುಳ್ಳು. ಅದನ್ನು ಕೀಳದೆ ಶ್ರೀರಂಗಪಟ್ಟಣದ ಕಡೆ ಮುಖ ಮಾಡುವಂತಿರಲಿಲ್ಲ. ಮೇಜರ್ ಗೌಡಿ ಎಂಬ ಅಧಿಕಾರಿಯ ಕೈಕೆಳಗಿನ ಪಡೆ ಬಂಡೆಯ ಮೈಯಲ್ಲಿ ದಾರಿ ಕೊರೆದು ತೋಪು ಏರಿಸಿ, ಸುಮಾರು ಮೂರು ವಾರ ಗುಂಡು ಹಾರಿಸಿ, 1791ರ ಅಕ್ಟೋಬರ್ 18ರ ರಾತ್ರಿ ಕಳೆದು 19ರ ಬೆಳಗಾಗುವುದರೊಳಗೆ ಕೋಟೆ ಹೊಕ್ಕಿತು. ನಂದಿ ಬೆಟ್ಟಕ್ಕೆ ಹೊರಗಿನವರು ದಂಡಿಯಾಗಿ ಏರಿಬಂದ ಮೊದಲ ಶರತ್ಕಾಲ ಯಾವುದೆಂದು ಕೇಳಿದರೆ ಇದನ್ನೇ ಹೇಳಬೇಕೇನೋ.

ನಂದಿದುರ್ಗ ಎಂಬ ಹೆಸರು ಇಂಗ್ಲಿಷರ ಬಾಯಿಗೆ ಅಂಟಿಕೊಂಡಿತು. ಮುಂದೆ ಕಮಿಷನರುಗಳ ಆಡಳಿತದಲ್ಲಿ ಬೆಂಗಳೂರು, ಕೋಲಾರ, ತುಮಕೂರು ಜಿಲ್ಲೆಗಳನ್ನು ಒಟ್ಟುಗೂಡಿಸಿ ‘ನಂದಿದುರ್ಗ ವಿಭಾಗ’ ಎಂದು ಕರೆದರು. ಕೋಲಾರದ ಚಿನ್ನದ ಗಣಿಗಳಲ್ಲಿ ಒಂದಕ್ಕೆ ನಂದಿದುರ್ಗ ಗಣಿ ಎಂದು ಹೆಸರಾಯಿತು. ಆರ್.ಟಿ. ನಗರದವರು ದಂಡಿನ ಕಡೆ ಹೋಗುವಾಗ ಜಯಮಹಲಿನ ಹತ್ತಿರ ಹಾದುಹೋಗುವ ನಂದಿದುರ್ಗ ರಸ್ತೆಯೂ ಅದೇ ನೆನಪಿನ ತುಣುಕು.

ಒಂದು ಮನೆಯ ಮಟ್ಟಿಗಿನ ಬೆಟ್ಟ

ಕೋಟೆಯನ್ನು ಮನೆಯಾಗಿಸಿದ ಕಾಲ ಮಾರ್ಕ್ ಕಬ್ಬನ್ನರದು. 1834ರಿಂದ 1861ರವರೆಗೆ, ಇಪ್ಪತ್ತೇಳು ವರ್ಷ, ಮೈಸೂರು ಸೀಮೆಯನ್ನು ಕಮಿಷನರ್ ಆಗಿ ಆಳಿದ ಮನುಷ್ಯ. ಹೆಂಡತಿ ಮಕ್ಕಳಿಲ್ಲದ ಒಂಟಿ ಜೀವ; ಅರಬ್ಬೀ ಕುದುರೆಗಳೆಂದರೆ ಪ್ರಾಣ. ಕೊನೆಗೆ ಹುದ್ದೆ ಬಿಟ್ಟು ತಾಯ್ನಾಡಿಗೆ ಹೊರಟವರು ದಾರಿಯಲ್ಲಿ ಸೂಯೆಜ್‌ನಲ್ಲೇ ತೀರಿಕೊಂಡರು. ಅವರಿಗೆಂದು ನಂದಿಯ ತುದಿಯಲ್ಲಿ ಬೇಸಿಗೆ ಬಂಗಲೆ ಕಟ್ಟಿಸಿದವರು ಅವರ ಕೈಕೆಳಗಿನ ಅಧಿಕಾರಿ ಫ್ರಾನ್ಸಿಸ್ ಕನಿಂಗ್‌ಹ್ಯಾಮ್. ಬೆಂಗಳೂರಿನ ಕನಿಂಗ್‌ಹ್ಯಾಮ್ ರಸ್ತೆಯ ಹೆಸರಿನ ಮೂಲಪುರುಷ ಇವರೇ. ಆ ಬಂಗಲೆ ಕಬ್ಬನ್ ಹೌಸ್ ಎನಿಸಿಕೊಂಡಿತ್ತು. ಈಗ ನೆಹರೂ ನಿಲಯ.

ಇಷ್ಟಕ್ಕೂ ನಂದಿಯೇ ಏಕೆ? ಬೆಟ್ಟದ ಎತ್ತರ ಸಮುದ್ರಮಟ್ಟದಿಂದ 1,478 ಮೀಟರ್. ಬೆಂಗಳೂರು ಸುಮಾರು 920 ಮೀಟರ್. ನಡುವಿನ ಅಂತರ ಐನೂರೈವತ್ತರ ಹತ್ತಿರ. ಮೇಲೆ ಹೋದಂತೆ ಗಾಳಿ ತಣ್ಣಗಾಗುವ ಲೆಕ್ಕದಲ್ಲಿ ಮೂರು, ಮೂರೂವರೆ ಡಿಗ್ರಿಯಷ್ಟು ವ್ಯತ್ಯಾಸ. ಊಟಿ 2,240 ಮೀಟರ್. ಹೋಲಿಸಿದರೆ ನಂದಿ ಸಣ್ಣದು. ಅದಕ್ಕೇ ಊಟಿ ಮದ್ರಾಸ್ ಸರ್ಕಾರದ ಬೇಸಿಗೆ ರಾಜಧಾನಿಯಾಗಿ, ಅಂಗಡಿ ಬೀದಿ, ಕ್ಲಬ್ಬು, ಕುದುರೆ ಜೂಜು ಎಲ್ಲ ಬೆಳೆದು ಊರಾಯಿತು. ನಂದಿ ಊರಾಗಲಿಲ್ಲ. ಆಗಲು ಜಾಗವೇ ಇರಲಿಲ್ಲ. ಬೋಳು ಬಂಡೆಯ ನೆತ್ತಿಯಲ್ಲಿ ಒಂದಿಷ್ಟು ಸಮತಟ್ಟು, ಅದರ ಮೇಲೊಂದು ಗುಡಿ, ಮಳೆನೀರಿನ ಅಮೃತ ಸರೋವರ, ನಾಲ್ಕಾರು ಬಂಗಲೆ, ಸುತ್ತ ಕೋಟೆಗೋಡೆ. ಅಲ್ಲಿಗೆ ಬೆಟ್ಟ ಮುಗಿಯಿತು.

ನನ್ನ ಲೆಕ್ಕದಲ್ಲಿ ನಂದಿಯ ಭಾಗ್ಯ ಇದೇ. ಊಟಿಗೆ ಹೋದವರು ನಾಲ್ಕು ದಿನ ತಂಗಬೇಕು, ರೂಮು ಹಿಡಿಯಬೇಕು. ನಂದಿಯಲ್ಲಿ ನೋಡಬೇಕಾದ್ದೆಲ್ಲ ಒಂದು ಹಗಲಿನಲ್ಲಿ, ಅದೂ ಮಂಡಿನೋವಿನ ಅತ್ತೆಯನ್ನೂ ಕಂಕುಳ ಮಗುವನ್ನೂ ಕಟ್ಟಿಕೊಂಡು, ನೋಡಿ ಮುಗಿಸಬಹುದು. ಬಿಳಿಯರು ಊರು ಕಟ್ಟಲಾರದ ಇಕ್ಕಟ್ಟು ಮುಂದೆ ಸಂಸಾರವಂದಿಗರ ಒಂದು ದಿನದ ಸುತ್ತಾಟಕ್ಕೆ ಸರಿಯಾದ ಅಳತೆಯಾಗಿ ಒದಗಿತು.

ನೀಲಗಿರಿ ಎಂಬ ನಂದಿ ಮರ

ಮನೆ ಎಂದ ಮೇಲೆ ತೋಟ ಇರಲೇಬೇಕು. ಆದರೆ ನಂದಿಯ ತೋಟ ಬಂಗಲೆಗಿಂತ ಹಳೆಯದು. ಟಿಪ್ಪು ಸುಲ್ತಾನ್ ತನ್ನ ಬೆಟ್ಟದ ತೋಟದಲ್ಲಿ 1790ರ ಸುಮಾರಿಗೆ ಆಸ್ಟ್ರೇಲಿಯ ಮೂಲದ ನೀಲಗಿರಿ ಮರಗಳನ್ನು ನೆಡಿಸಿದ, ಭಾರತಕ್ಕೆ ಈ ಮರ ಕಾಲಿಟ್ಟದ್ದು ಹಾಗೆ ಎಂದು ಅರಣ್ಯಶಾಸ್ತ್ರದ ಪುಸ್ತಕಗಳು ಬರೆಯುತ್ತವೆ. ನೀಲಗಿರಿ ಬೆಟ್ಟಗಳಲ್ಲಿ ಅದನ್ನು ತೋಪು ತೋಪಾಗಿ ಬೆಳೆಸತೊಡಗಿದ್ದು 1843ರಿಂದ ಈಚೆಗೆ. ಅರಣ್ಯ ಇಲಾಖೆಯವರು ‘ಮೈಸೂರು ಗಮ್’ ಎಂದು ಕರೆದು ಬಯಲುಸೀಮೆಯ ತುಂಬ ಹಬ್ಬಿಸಿದ ತಳಿಯ ತೌರು ನಂದಿ. ಊಟಿಯ ಬೆಟ್ಟಗಳ ಹೆಸರು ಹೊತ್ತ ಮರಕ್ಕೆ ನಮ್ಮ ಬೆಟ್ಟವೇ ತವರುಮನೆ ಎನ್ನುವುದು ಒಂದು ತಮಾಷೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಅಂತರ್ಜಲ ಬತ್ತಿದ ಮೇಲೆ 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನೇ ನಿಷೇಧಿಸಿತು ಎನ್ನುವುದು ತಮಾಷೆಯಲ್ಲದ ಭಾಗ. ತವರಿನಲ್ಲಿ ಮಾತ್ರ ಮುದಿ ಮರಗಳು ಇನ್ನೂ ನಿಂತಿವೆ.

ಅವುಗಳ ಕೆಳಗೆ ಅಕ್ಟೋಬರ್ ಮುಂಜಾನೆ ನಿಂತರೆ ಒಂದು ಸೋಜಿಗ ಕಾಣಬಹುದು. ಮಳೆ ಇಲ್ಲ, ಆದರೂ ತಲೆಯ ಮೇಲೆ ಟಪಟಪ ಹನಿ. ಮಂಜಿನ ಮೋಡ ಬೆಟ್ಟದ ಮೈ ಸವರಿಕೊಂಡು ಹಾದುಹೋಗುವಾಗ ಉದ್ದನೆಯ ಎಲೆಗಳು ಅದರ ತೇವವನ್ನು ಹಿಡಿಯುತ್ತವೆ. ಎಲೆಯ ಚೂಪು ತುದಿಯಲ್ಲಿ ನೀರು ಕೂಡಿ ತೊಟ್ಟಿಕ್ಕುತ್ತದೆ. ಮರದ ಬುಡ ಒದ್ದೆ, ನಾಲ್ಕು ಹೆಜ್ಜೆ ಆಚೆಯ ದಾರಿ ಒಣ. ತಂಗಿಗೆ ನಾನು ‘ಮರಕ್ಕೆ ನೆಗಡಿ ಆಗೈತೆ’ ಎಂದು ನಂಬಿಸಿದ್ದೆ. ಎರಡು ವರ್ಷ ಅವಳು ಆ ಮರದ ಕೆಳಗೆ ಸುಳಿಯಲಿಲ್ಲ.

ಕಬ್ಬನ್ನರ ಕಾಲದಲ್ಲೇ, 1856ರಲ್ಲಿ, ಲಾಲ್‌ಬಾಗ್ ಸರ್ಕಾರಿ ಸಸ್ಯೋದ್ಯಾನವಾಯಿತು. 1881ರಲ್ಲಿ ರಾಜ್ಯ ಮತ್ತೆ ಒಡೆಯರ ಕೈಗೆ ಬಂತು. 1908ರಲ್ಲಿ ಬರೋಡದಿಂದ ಬಂದ ಜರ್ಮನ್ ತೋಟಗಾರ ಗುಸ್ತಾವ್ ಹರ್ಮನ್ ಕೃಂಬಿಗಲ್, ಅವರ ನಂತರ ಎಚ್.ಸಿ. ಜವರಾಯ, ಆಮೇಲೆ ಎಂ.ಎಚ್. ಮರಿಗೌಡ ಇವರ ಕೈಯಲ್ಲಿ ತೋಟಗಾರಿಕೆ ಎನ್ನುವುದು ಅರಮನೆಯ ಶೋಕಿಯಿಂದ ಸರ್ಕಾರದ ಇಲಾಖೆಯಾಗಿ ಬೆಳೆಯಿತು. ನಂದಿ ಬೆಟ್ಟದ ತೋಟವೂ ಆ ಇಲಾಖೆಯ ಸುಪರ್ದಿಗೆ ಬಂತು. ಈ ಸಣ್ಣ ಆಡಳಿತ ಬದಲಾವಣೆಯನ್ನು ಯಾರೂ ದೊಡ್ಡದಾಗಿ ಹೇಳುವುದಿಲ್ಲ. ಆದರೆ ಬೆಟ್ಟ ನಮ್ಮದಾದದ್ದರ ಬೀಜ ಇಲ್ಲಿದೆ. ದೊರೆಯ ಬಂಗಲೆಗೆ ದೊರೆಯ ನೆಂಟರಷ್ಟೇ ಬರಬಹುದು. ಇಲಾಖೆಯ ಉದ್ಯಾನಕ್ಕೆ ಟಿಕೆಟ್ ಕೊಂಡವರೆಲ್ಲ ಬರಬಹುದು.

ಗಾಂಧಿ ಇದ್ದ ಬೇಸಿಗೆ

ಬೇಸಿಗೆಯ ಅತಿಥಿಗಳಲ್ಲಿ ಒಬ್ಬರು ಮಾತ್ರ ಉಳಿದವರಂತಲ್ಲ. 1927ರ ಮಾರ್ಚ್‌ನಲ್ಲಿ ಪ್ರವಾಸದ ನಡುವೆ ಆರೋಗ್ಯ ಕೆಟ್ಟ ಗಾಂಧೀಜಿ, ವೈದ್ಯರ ಮಾತಿಗೆ ಕಟ್ಟುಬಿದ್ದು ಏಪ್ರಿಲ್‌ನಲ್ಲಿ ನಂದಿಗೆ ಬಂದರು. ಜೂನ್ ಮೊದಲ ವಾರ ಬೆಂಗಳೂರಿನ ಕುಮಾರಪಾರ್ಕಿಗೆ ಇಳಿಯುವವರೆಗೂ ಇಲ್ಲೇ. ಬೆಟ್ಟದಲ್ಲಿ ಕೂತೇ ಪತ್ರಗಳು, ಬರಹ, ಭೇಟಿ. 1936ರ ಮೇ ತಿಂಗಳಲ್ಲಿ ಮತ್ತೊಮ್ಮೆ ಬಂದರು. ಆಗ ಸರ್ದಾರ್ ಪಟೇಲರೂ ಜೊತೆಗಿದ್ದರು. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿದ್ದ ಸಿ.ವಿ. ರಾಮನ್ ಸ್ವಿಟ್ಜರ್ಲೆಂಡಿನ ಜೀವವಿಜ್ಞಾನಿಯೊಬ್ಬರನ್ನು ಕರೆದುಕೊಂಡು ಬೆಟ್ಟ ಹತ್ತಿ ಗಾಂಧಿಯವರನ್ನು ಕಂಡದ್ದು ಆ ಸಲವೇ.

ಗಾಂಧಿ ನಿಲಯ ಎಂಬ ಅತಿಥಿಗೃಹ ಆ ನೆನಪನ್ನು ಉಳಿಸಿಕೊಂಡಿದೆ. ಆದರೆ ಅದಕ್ಕಿಂತ ಹೆಚ್ಚಾಗಿ, ದೊರೆಗಳ ಬೆಟ್ಟದಲ್ಲಿ ಮೊಳಕಾಲುದ್ದದ ಪಂಚೆಯ ಒಬ್ಬ ಮುದುಕರು ಒಂದೂವರೆ ತಿಂಗಳು ಇದ್ದುಹೋದರು ಎಂಬ ಸುದ್ದಿ ತಪ್ಪಲಿನ ಹಳ್ಳಿಗಳಿಗೆ ಬೇರೆಯದೇ ಧೈರ್ಯ ಕೊಟ್ಟಿರಬೇಕು. ನಮ್ಮ ಅಜ್ಜಿಗೆ ಟಿಪ್ಪು, ಕಬ್ಬನ್ ಯಾರ ಪರಿಚಯವೂ ಇರಲಿಲ್ಲ. ಬೆಟ್ಟದ ಯಾವ ಬಂಗಲೆ ತೋರಿಸಿದರೂ ‘ಗಾಂಧಿ ಇದ್ದ ಮನೆ’ ಎಂದು ಕೈ ಮುಗಿದು ಮುಂದೆ ಹೋಗುತ್ತಿದ್ದರು. ನಾವು ತಿದ್ದಲು ಹೋಗಲಿಲ್ಲ.

ಪುಟ್ಟ ರೈಲು, ದೊಡ್ಡ ಡಬರಿ

ಬೆಟ್ಟ ತೆರೆದರೆ ಸಾಲದು, ತಲುಪಬೇಕಲ್ಲ. 1915ರಲ್ಲಿ ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಎರಡೂವರೆ ಅಡಿ ಅಗಲದ ಹಳಿಯ ಮೇಲೆ ಪುಟ್ಟ ರೈಲು ಓಡತೊಡಗಿತು. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಎಂದು ನಿಲ್ದಾಣಗಳು. ದೇವನಹಳ್ಳಿ ಟಿಪ್ಪು ಹುಟ್ಟಿದ ಊರು; ಆವತಿ ಕೆಂಪೇಗೌಡರ ಪೂರ್ವಿಕರು ಬಂದು ನೆಲೆಸಿದ ಊರು. ಬೆಂಗಳೂರಿನ ಚರಿತ್ರೆಯ ಅರ್ಧ ಭಾಗ ಆ ಹಳಿಯ ಅಕ್ಕಪಕ್ಕದಲ್ಲೇ ಇತ್ತು ಎನ್ನಬೇಕು. ನಂದಿಯ ನಿಲ್ದಾಣ ಇಂದಿಗೂ ಮನೆಯಂತೆಯೇ ಇದೆ: ಕಲ್ಲಿನ ಗೋಡೆ, ಇಳಿಜಾರಿನ ಹೆಂಚಿನ ಮಾಡು, ಮುಂದೆ ಮರದ ನೆರಳು. ಹಳಿ ಅಗಲವಾಗಿದೆ, ಕಟ್ಟಡ ಹಾಗೇ ಉಳಿದಿದೆ. ಪಾರಂಪರಿಕ ಕಟ್ಟಡಗಳ ಉಳಿವಿಗೆ ದುಡಿಯುವ ಇಂಟಾಕ್ ಈ ನಿಲ್ದಾಣಗಳ ಕಡೆ ಗಮನ ಹರಿಸಿರುವುದು ಸಮಾಧಾನದ ಸಂಗತಿ.

ರೈಲಿನ ಬೆನ್ನಿಗೆ ಬಸ್ಸು, ಬಸ್ಸಿನ ಬೆನ್ನಿಗೆ ಕಾರ್ಖಾನೆ. 1950ರ ದಶಕದಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ, ಬಿಇಎಲ್ ಎದ್ದು ನಿಂತ ಮೇಲೆ ಬೆಂಗಳೂರಿನ ಉತ್ತರಕ್ಕೆ ಹೊಸ ಬಗೆಯ ಸಂಸಾರ ಹುಟ್ಟಿತು. ತಿಂಗಳ ಸಂಬಳ, ವಾರದ ರಜೆ, ಕ್ವಾರ್ಟರ್ಸ್, ಕಾಲೊನಿಯ ಗೆಳೆತನ. ಯಂತ್ರದ ಜೊತೆ ಬದುಕುವವರಿಗೆ ಆಯುಧಪೂಜೆಯೇ ವರ್ಷದ ದೊಡ್ಡ ಹಬ್ಬ. ಅದೇ ಹೊತ್ತಿಗೆ ಮಕ್ಕಳಿಗೆ ದಸರಾ ರಜೆ. ಬೇಸಿಗೆ ರಜೆ ಉದ್ದ. ಆಗ ಮಕ್ಕಳು ಅಜ್ಜಿ ಮನೆಗೆ ಹೋಗಿಬಿಡುತ್ತಿದ್ದರು. ದಸರಾ ರಜೆ ಚಿಕ್ಕದು, ಹಬ್ಬದ ಖರ್ಚು ಆಗಲೇ ಆಗಿರುತ್ತದೆ. ಅಂಥ ರಜೆಗೆ ಬೇಕಾದದ್ದು ಬೆಳಿಗ್ಗೆ ಹೋಗಿ ಸಂಜೆ ಬರುವ ಜಾಗ, ಕೈ ಕಚ್ಚದ ಜಾಗ. ಕೆಂಪಾಪುರದಿಂದ ನಂದಿಯ ತುದಿಗೆ ಸುಮಾರು ಐವತ್ತು ಕಿಲೋಮೀಟರ್. ಸರಿಹೋಯಿತು.

ಹವೆಯೂ ಜೊತೆಗೂಡಿತು. ಮುಂಗಾರಿನ ಜಿಟಿಜಿಟಿ ನಿಂತಿರುತ್ತದೆ. ಹಿಂಗಾರಿನ ಮಳೆ ಬಂದರೂ ಹೆಚ್ಚಾಗಿ ಮಧ್ಯಾಹ್ನ ತಿರುಗಿದ ಮೇಲೆ. ದೇವನಹಳ್ಳಿ ದಾಟಿ ಕಾರಹಳ್ಳಿ ಕ್ರಾಸಿನ ಕಡೆ ಹೊರಳಿದರೆ ಎರಡೂ ಬದಿ ರಾಗಿ ತೆನೆ ಕಟ್ಟಿರುತ್ತದೆ, ದ್ರಾಕ್ಷಿ ಚಪ್ಪರ ಹಸಿರಾಗಿರುತ್ತದೆ, ಹೊಸ ಕಡಲೆಕಾಯಿ ಕೀಳುವ ಕಾಲ ಬಂದಿರುತ್ತದೆ. ದೊರೆಗಳು ಸೆಕೆ ತಪ್ಪಿಸಿಕೊಳ್ಳಲು ಬಂದರು. ಅವರಿಗೆ ಬೆಟ್ಟದ ತಂಪಷ್ಟೇ ಬೇಕಿತ್ತು. ನಾವು ಬಂದದ್ದು ಬಿಡುವಾದಾಗ. ನಮಗೆ ದಾರಿಯೂ ಬೇಕಿತ್ತು, ದಾರಿಯ ಹೊಲವೂ ಬೇಕಿತ್ತು. ಬೇಸಿಗೆಯ ಬಂಗಲೆ ದಸರೆಯ ಬೆಟ್ಟವಾದದ್ದು ಹೀಗೆ. ಯಾವ ಸರ್ಕಾರವೂ ಆದೇಶ ಹೊರಡಿಸಲಿಲ್ಲ.

ನಮ್ಮ ತಂಡ ಹೊರಡುತ್ತಿದ್ದುದು ಬಾಡಿಗೆಯ ಮಟಾಡೋರ್ ವ್ಯಾನಿನಲ್ಲಿ. ನಾಲ್ಕು ಮನೆ ಸೇರಿ ಹದಿನೇಳೋ ಹದಿನೆಂಟೋ ತಲೆ. ಹಿಂದಿನ ರಾತ್ರಿಯೇ ಪುಳಿಯೋಗರೆಯ ಗೊಜ್ಜು ಕುದಿದು ಎಣ್ಣೆ ಬಿಟ್ಟಿರುತ್ತಿತ್ತು. ಬೆಳಗಿನ ಜಾವ ನಾಲ್ಕಕ್ಕೆ ಅನ್ನ ಬಸಿದು, ಹರಡಿ ಆರಿಸಿ, ಗೊಜ್ಜು ಕಲಸಿ, ಹುರಿದ ಕಡಲೆಕಾಯಿ ಬೀಜ ಮೇಲೆ. ಮೊಸರನ್ನಕ್ಕೆ ಹಾಲು ಜಾಸ್ತಿ, ಹೆಪ್ಪು ಕಡಿಮೆ. ಬೆಟ್ಟ ತಲುಪುವ ಹೊತ್ತಿಗೆ ಹದಕ್ಕೆ ಬರಬೇಕು. ಇವೆರಡೂ ದೊಡ್ಡ ಡಬರಿಗಳಲ್ಲಿ, ಬಾಯಿಗೆ ಬಾಳೆಲೆ ಮುಚ್ಚಿ ಪಂಚೆ ಬಿಗಿದು. ಡಬರಿ ಕಾಲಿನ ನಡುವೆ ಇಟ್ಟುಕೊಂಡು ಕಾಯುವುದು ನನ್ನ ಸೋದರತ್ತೆಯ ಹೊಣೆ. ತಿರುವು ತಿರುವಿಗೂ ಅವರು ಡ್ರೈವರಿಗೆ ಹೇಳುವರು: ‘ನಿಧಾನ ಕಣಪ್ಪ, ಮೊಸರನ್ನ ಐತೆ.’ ಗಾಡಿಯಲ್ಲಿ ಹದಿನೆಂಟು ಜನವೂ ಇದ್ದರು.

ಬಾಗಿಲು ಮುಚ್ಚಿದ ಮನೆ, ತೆರೆದ ಹುಲ್ಲು

ಬೆಟ್ಟದ ಮೇಲೆ ಎಲ್ಲರೂ ಮಾಡುವುದು ಹೆಚ್ಚುಕಡಿಮೆ ಒಂದೇ. ಯೋಗನಂದೀಶ್ವರನಿಗೆ ಒಂದು ಕೈ ಮುಗಿ. ಟಿಪ್ಪು ಡ್ರಾಪ್‌ನ ಕಂಬಿ ಹಿಡಿದು ಬಗ್ಗಿ ನೋಡು, ಹಿಂದಿನಿಂದ ಅಮ್ಮ ಅಂಗಿ ಜಗ್ಗಲಿ. ಅರ್ಕಾವತಿ, ಪಾಲಾರ್, ದಕ್ಷಿಣ ಪಿನಾಕಿನಿ ಎಲ್ಲ ಈ ಬೆಟ್ಟಸಾಲಿನ ನದಿಗಳು ಎಂದು ಅಪ್ಪ ಹೇಳುವಾಗ ಒಂದೂ ಕಾಣದೆ ‘ಎಲ್ಲಿ?’ ಎಂದು ಕೇಳು. ಸೂರ್ಯೋದಯ ನೋಡಲೆಂದು ನಸುಕಿನಲ್ಲೇ ಬಂದವರು ಬಿಳಿ ಮಂಜಿನ ಗೋಡೆ ನೋಡಿಕೊಂಡು ನಡುಗುತ್ತ ನಿಲ್ಲುವುದೂ ಈ ಕಾಲದ ವಿಶೇಷ.

ಆಮೇಲೆ ಬಂಗಲೆ. ಅದರೊಳಗೆ ನಾನು ಒಮ್ಮೆಯೂ ಹೋದವನಲ್ಲ. ಅದು ಸರ್ಕಾರದ ಅತಿಥಿಗಳಿಗೆ. ಹೊರಗಿನಿಂದಲೇ ನೋಡಬೇಕು. ಇಂಗ್ಲೆಂಡಿನ ರಾಣಿ ಎಲಿಜಬೆತ್ 1961ರ ಫೆಬ್ರುವರಿಯ ಭಾರತ ಪ್ರವಾಸದಲ್ಲಿ ಈ ಬೆಟ್ಟಕ್ಕೆ ಬಂದದ್ದನ್ನು ಅಪ್ಪ ಪ್ರತಿ ವರ್ಷವೂ ಹೊಸದಾಗಿ ಹೇಳುತ್ತಿದ್ದರು. ಮಕ್ಕಳಾದ ನಮಗೆ ಆ ಮನೆಗಿಂತ ಮುಂದಿನ ಹುಲ್ಲುಹಾಸು ಮುಖ್ಯ. ಅದರಾಚೆ ಕತ್ತರಿಸಿ ಒಪ್ಪ ಮಾಡಿದ ಬೇಲಿಗಿಡ, ಆಮೇಲೆ ಎತ್ತರದ ಮರ. ಜಮಖಾನ ಹಾಸಿ, ಚಪ್ಪಲಿಗಳನ್ನು ನಾಲ್ಕು ಮೂಲೆಗೆ ಭಾರ ಇಟ್ಟು, ಎಲೆ ಹಂಚುವುದು ನಡೆದಿರುತ್ತಿತ್ತು.

ಒಂದು ವರ್ಷ ಅತ್ತೆಯ ಡಬರಿಗೆ ಗಂಡಾಂತರ ಬಂತು. ಪಂಚೆಯ ಗಂಟು ಬಿಚ್ಚಿದ್ದಷ್ಟೇ. ಬೇಲಿಗಿಡದಿಂದ ಒಂದು ಮುದಿ ಗಡವ ಕೋತಿ ಇಳಿದು, ಯಾರ ಕಡೆಗೂ ನೋಡದೆ, ಮನೆಯ ಹಿರಿಯನಂತೆ ನಡೆದು ಬಂದು ಪುಳಿಯೋಗರೆಗೆ ಕೈ ಹಾಕಿತು. ಬಾಯಿಗಿಟ್ಟುಕೊಂಡದ್ದೇ ಒಂದು ಗಳಿಗೆ ಸುಮ್ಮನೆ ಕೂತಿತು. ಖಾರ ಹತ್ತಿರಬೇಕು. ಆಮೇಲೆ ಕೈ ಝಾಡಿಸಿ, ಪಕ್ಕದ ಮೊಸರನ್ನದ ಡಬರಿಗೆ ತಿರುಗಿತು. ಅತ್ತೆ ಕೋಲು ಎತ್ತಿಕೊಂಡವರು ಕೆಳಗಿಳಿಸಿದರು. ‘ತಿನ್ನಲಿ ಬಿಡು, ಪಾಪ, ಬಾಯುರಿ’ ಎಂದರು. ಆ ಮಧ್ಯಾಹ್ನ ನಾವು ಊಟ ಮಾಡಿದ್ದು ಬೇಯಿಸಿದ ಕಡಲೆಕಾಯಿ, ಸೌತೆಕಾಯಿ. ಕೋತಿಗಳಿಗೆ ತಿನ್ನಿಸಬೇಡಿ ಎಂಬ ಫಲಕ ಈಗ ಅಲ್ಲಿದೆ. ಸರಿಯಾದದ್ದೇ. ನಮ್ಮ ಬುತ್ತಿಯ ರುಚಿ ಹತ್ತಿಸಿ ಕಾಡಿನ ಹಣ್ಣು ಮರೆಸಿದವರು ನಾವೇ.

ಮರಗಳ ಕಡೆ ತಲೆ ಎತ್ತುವವರಿಗೆ ಈ ಕಾಲದಲ್ಲಿ ಇನ್ನೊಂದು ಲಾಭವಿದೆ. ಹಿಮಾಲಯದ ಕಡೆಯಿಂದ ಚಳಿಗೆ ದಕ್ಷಿಣಕ್ಕೆ ಇಳಿಯುವ ಹಕ್ಕಿಗಳು ಬಂದು ಸೇರುವ ಹೊತ್ತು ಇದು. ಬಂಡೆಗುಡ್ಡಗಳಲ್ಲಷ್ಟೇ ಬದುಕುವ ಹಳದಿ ಕೊರಳಿನ ಪಿಕಳಾರವನ್ನು ಹುಡುಕಿಕೊಂಡು ಪಕ್ಷಿವೀಕ್ಷಕರು ನಂದಿಗೇ ಬರುತ್ತಾರೆ. ಪಶ್ಚಿಮಘಟ್ಟದ ದಟ್ಟ ಕಾಡಿಗೆ ಸೇರಿದ ನೀಲಗಿರಿ ಕಾಡುಪಾರಿವಾಳ ಕೂಡ ಅಷ್ಟು ದೂರದ ಈ ಒಂಟಿ ಬೆಟ್ಟದ ಮರಗಳಲ್ಲಿ ಉಳಿದುಕೊಂಡಿದೆ. ದೊರೆಗಳ ತೋಟ ಹೀಗೆ ಯಾರು ಯಾರಿಗೋ ಆಸರೆಯಾಗಿದೆ.

ಬೆಟ್ಟದ ಹೊರೆ

ದೊಡ್ಡವರು ಬಂದಾಗ ಬೆಟ್ಟ ಈಗಲೂ ನಮ್ಮ ಕೈ ತಪ್ಪುತ್ತದೆ. 1986ರ ನವೆಂಬರ್ 16, 17ರಂದು ಬೆಂಗಳೂರಿನಲ್ಲಿ ಸಾರ್ಕ್ ಶೃಂಗಸಭೆ ನಡೆದಾಗ ರಾಜೀವ್ ಗಾಂಧಿ ನೆರೆ ದೇಶಗಳ ನಾಯಕರನ್ನು ಅನೌಪಚಾರಿಕ ಮಾತುಕತೆಗೆ ಕರೆದೊಯ್ದದ್ದು ಇಲ್ಲಿಗೇ. ಬೆಂಗಳೂರು ಜಗತ್ತಿನ ಸುದ್ದಿಯಲ್ಲಿದ್ದ ಆ ಎರಡು ದಿನ ಬಳ್ಳಾರಿ ರಸ್ತೆಯ ಅಂಚಿನಲ್ಲಿ ನಿಂತು ಕಾರುಗಳ ಸಾಲು ಎಣಿಸಿದ್ದು ಹೆಬ್ಬಾಳದ ಹುಡುಗರಿಗೆ ದೊಡ್ಡ ಸಂಭ್ರಮ. 2025ರ ಜುಲೈ 2ರಂದು ರಾಜ್ಯ ಸಚಿವ ಸಂಪುಟವೇ ಬೆಟ್ಟದ ಮೇಲೆ ಸಭೆ ಸೇರಿತ್ತು.

ಆದರೆ ಈಗಿನ ಚಿಂತೆ ಬಾಗಿಲು ಮುಚ್ಚುವುದರದ್ದಲ್ಲ, ತೆರೆದ ಬಾಗಿಲಲ್ಲಿ ನುಗ್ಗುವ ಜನರದ್ದು. 2003ರಲ್ಲಿ ಹೆಬ್ಬಾಳದ ಮೇಲ್ಸೇತುವೆ, 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಬಂದ ಮೇಲೆ ದಾರಿ ಅಗಲವಾಯಿತು, ಬೆಟ್ಟ ಹತ್ತಿರವಾಯಿತು. ಭಾನುವಾರ ನಸುಕಿನಲ್ಲಿ ಬುಡದ ಗೇಟಿನಿಂದ ಬೈಕು, ಕಾರುಗಳ ಸಾಲು ಕಣ್ಣು ಹಾಯುವಷ್ಟು ದೂರ. ಊರು ಬೆಳೆಯಲು ಜಾಗವಿಲ್ಲದ್ದೇ ಬೆಟ್ಟದ ಭಾಗ್ಯ ಎಂದೆನಲ್ಲ, ಗಾಡಿ ನಿಲ್ಲಿಸಲೂ ಜಾಗವಿಲ್ಲ ಎನ್ನುವುದು ಅದರ ಇನ್ನೊಂದು ಮುಖ. 2021ರ ಆಗಸ್ಟ್‌ನಲ್ಲಿ ಒಂದು ರಾತ್ರಿಯ ಮಳೆಗೆ ಗುಡ್ಡ ಜರಿದು ರಸ್ತೆ ಕೊಚ್ಚಿಹೋಯಿತು. ಆ ವರ್ಷದ ದಸರೆಗೆ ಬೆಟ್ಟವೇ ಇರಲಿಲ್ಲ. ಮತ್ತೆ ತೆರೆದದ್ದು ಡಿಸೆಂಬರಿಗೆ. ಪೂಜೆ ಮಾಡಿದ ಗಾಡಿಯನ್ನು ತಪ್ಪಲಿನ ಭೋಗನಂದೀಶ್ವರನವರೆಗೆ ಓಡಿಸಿ, ಶೃಂಗಿ ತೀರ್ಥದ ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತು, ಮೇಲೆ ನೋಡಿಕೊಂಡು ವಾಪಸಾದೆವು. ಬುಡದಿಂದ ತುದಿಗೆ ರೋಪ್‌ವೇ ಹಾಕುವ ಯೋಜನೆಗೆ 2023ರಲ್ಲಿ ಶಂಕುಸ್ಥಾಪನೆ ಆಗಿದೆ. ಗಾಡಿಗಳು ಕೆಳಗೇ ನಿಲ್ಲುವುದಾದರೆ ಬೆಟ್ಟಕ್ಕೆ ಒಳ್ಳೆಯದೇ. ತಂತಿಯ ಮೇಲೆ ಜೋಲಾಡುವ ತೊಟ್ಟಿಲಲ್ಲಿ ಡಬರಿಗೆ ಜಾಗ ಕೊಡುತ್ತಾರೋ ಇಲ್ಲವೋ ಎನ್ನುವುದಷ್ಟೇ ನಮ್ಮತ್ತೆಯ ಪ್ರಶ್ನೆ.

ಹಿಂದಿರುಗುವಾಗ ದೇವನಹಳ್ಳಿಯಲ್ಲಿ ಗಾಡಿ ನಿಲ್ಲಿಸಿ ಚಕ್ಕೋತ ಕೊಳ್ಳುವುದು ಅಪ್ಪನ ಕಾಲದಿಂದ ತಪ್ಪಿಲ್ಲ. ಮಗುವಿನ ತಲೆಯಷ್ಟು ದಪ್ಪ ಹಣ್ಣು. ಭೌಗೋಳಿಕ ಗುರುತಿನ ಮುದ್ರೆ ಬಿದ್ದಿದ್ದರೂ ಮರಗಳು ವರ್ಷ ವರ್ಷ ಕಡಿಮೆಯಾಗಿ ನಿವೇಶನಗಳು ಹೆಚ್ಚಾಗಿವೆ. ಸಿಕ್ಕಿದ ವರ್ಷ ಸಿಕ್ಕಿತು. ಕೆಂಪಾಪುರದ ಜಗುಲಿಯಲ್ಲಿ ಕೂತು ದಪ್ಪ ಸಿಪ್ಪೆ ಸುಲಿದು, ಒಳಪೊರೆ ಬಿಡಿಸಿ, ಉಪ್ಪು ಖಾರ ಸವರಿ ಹಂಚಿದ ಮೇಲೆಯೇ ನಮ್ಮ ನಂದಿ ಬೆಟ್ಟ ಮುಗಿಯುವುದು.

ನಮ್ಮ ತಾರಸಿಯಿಂದ ಈಗ ಬೆಟ್ಟ ಕಾಣುವುದಿಲ್ಲ. ಉತ್ತರ ದಿಕ್ಕಿಗೆ ಹನ್ನೆರಡು ಅಂತಸ್ತಿನ ಅಪಾರ್ಟ್‌ಮೆಂಟ್ ಎದ್ದು ನಿಂತಿದೆ. ಅದರ ಒಂಬತ್ತನೆಯ ಮಹಡಿಗೆ ಹೋದ ದಸರೆಗೆ ಒಂದು ಸಂಸಾರ ಬಾಡಿಗೆಗೆ ಬಂತು; ಕೆಲಸಕ್ಕೆಂದು ಬೆಂಗಳೂರಿಗೆ ಬಂದ ಬೀದರಿನ ಕಡೆಯವರು. ವಿಜಯದಶಮಿಯ ಬೆಳಿಗ್ಗೆ ಅವರ ಹುಡುಗ ಬಾಲ್ಕನಿಯ ಕಂಬಿಗೆ ಮುಖ ಒತ್ತಿ ನಮ್ಮ ತಾರಸಿಯ ಕಡೆ ಕೂಗಿದ: ‘ಅಂಕಲ್, ಅಲ್ಲೊಂದು ಗುಡ್ಡ ಕಾಣಲತ್ತದ, ಏನದು?’

ರಾತ್ರಿ ಮಳೆ ಬಂದಿತ್ತು. ನಾನು ಕೆಳಗಿಳಿದು ಗಾಡಿಯ ಕೀಲಿ ಹುಡುಕಿದೆ.